ದೂರದ ಬೆಟ್ಟವೂ ಉಪ್ಪಿನ ಋಣವೂ



ರಿಯಾದ್, ಜೆದ್ದಾ, ದಮ್ಮಾಮ್ - ಈ ಊರುಗಳ ಹೆಸರು ನಮ್ಮ ಧರ್ಮಕೇಂದ್ರಗಳ ಮನೆಗಳಿಗೆ ಹೊಸದಲ್ಲ. ಕರಾವಳಿಯ ಎಷ್ಟೋ ಮನೆಗಳು ಹೆಂಚಿನಿಂದ ತಾರಸಿಗೆ ಬಂದದ್ದು ಈ ಊರುಗಳ ದುಡಿಮೆಯಿಂದ. ಎಷ್ಟೋ ತಾಯಂದಿರ ಸಂಜೆಯ ಜಪಸರ ಮುಗಿಯುವುದು ಅಲ್ಲಿರುವ ಮಗನಿಗಾಗಿ, ಮಗಳಿಗಾಗಿ ಸಲ್ಲಿಸುವ ಒಂದು ‘ನಮೋ ಮರಿಯ’ದೊಂದಿಗೆ.

2023ರಲ್ಲಿ ಇದೇ ಊರುಗಳ ಹೆಸರು ಇದ್ದಕ್ಕಿದ್ದಂತೆ ಪತ್ರಿಕೆಗಳ ಕ್ರೀಡಾಪುಟವನ್ನು ತುಂಬಿತು. ಪೋರ್ಚುಗಲ್ಲಿನ ಕ್ರಿಸ್ಟಿಯಾನೊ ರೊನಾಲ್ಡೊ 2022ರ ಕೊನೆಯಲ್ಲಿ ರಿಯಾದಿನ ಅಲ್ ನಸ್ರ್ ಕ್ಲಬ್ಬಿಗೆ ಸಹಿ ಹಾಕಿದ್ದರು. ಅವರ ವರ್ಷದ ಗಳಿಕೆ ಸುಮಾರು 20 ಕೋಟಿ ಯೂರೋ ಎಂದು ಪತ್ರಿಕೆಗಳು ಬರೆದವು. ಸೌದಿ ಸರಕಾರದ ಹೂಡಿಕೆ ನಿಧಿಯು 2023ರ ಜೂನ್‌ನಲ್ಲಿ ಅಲ್ಲಿನ ನಾಲ್ಕು ದೊಡ್ಡ ಕ್ಲಬ್ಬುಗಳಲ್ಲಿ ಶೇಕಡಾ 75ರಷ್ಟು ಪಾಲನ್ನು ತನ್ನದಾಗಿಸಿಕೊಂಡಿತು. ಹದಿನಾಲ್ಕು ವರ್ಷ ರಿಯಲ್ ಮ್ಯಾಡ್ರಿಡ್‌ಗಾಗಿ ಆಡಿದ ಕರೀಂ ಬೆಂಜೆಮಾ ಜೆದ್ದಾಕ್ಕೆ ಹೋದರು. ಹನ್ನೆರಡು ವರ್ಷ ಲಿವರ್‌ಪೂಲ್‌ನಲ್ಲಿದ್ದು ಅದರ ನಾಯಕನಾಗಿದ್ದ ಜೋರ್ಡನ್ ಹೆಂಡರ್ಸನ್ ದಮ್ಮಾಮಿಗೆ ಹೋದರು. ಬ್ರೆಜಿಲಿನ ನೇಮಾರ್ ರಿಯಾದಿಗೆ ಹೋದರು.

ಆ ದಿನಗಳಲ್ಲಿ ಒಂದು ಭಾನುವಾರ, ಬಲಿಪೂಜೆ ಮುಗಿಸಿ ದೇವಾಲಯದ ಮೆಟ್ಟಿಲಲ್ಲಿ ನಿಂತಿದ್ದೆ. ಯುವಕ ಸಂಘದ ಒಬ್ಬ ಹುಡುಗ, ಸಂಜೆಯ ಹೊತ್ತು ಮೈದಾನದಲ್ಲೇ ಇರುವವನು, ಬಳಿಗೆ ಬಂದು ಕೇಳಿದ: “ಫಾದರ್, ಅಷ್ಟು ದುಡ್ಡು ಕೊಡ್ತೀವಿ ಅಂದ್ರೆ ಬೇಡ ಅನ್ನೋರು ಯಾರಿದ್ದಾರೆ? ಅವರು ಹೋದದ್ದು ತಪ್ಪಾ?” ನಾನು ನಕ್ಕು ಏನೋ ಹೇಳಿ ಕಳುಹಿಸಿದೆ. ಆದರೆ ಪ್ರಶ್ನೆ ನನ್ನಲ್ಲೇ ಉಳಿಯಿತು. ಏಕೆಂದರೆ ಅದು ಆಟಗಾರರ ಪ್ರಶ್ನೆ ಮಾತ್ರವಲ್ಲ. ನಮ್ಮ ಮನೆಮನೆಯ ಪ್ರಶ್ನೆ. ಹೆಚ್ಚಿನ ಸಂಬಳಕ್ಕಾಗಿ ಊರು ಬಿಡಬೇಕೇ? ಬೆಳೆಸಿದ ಸಂಸ್ಥೆಯನ್ನು ಬಿಡಬಹುದೇ? ದೇವರು ಕೊಟ್ಟ ಪ್ರತಿಭೆ ಇರುವುದು ಹಣಕ್ಕಾಗಿಯೇ, ಬೇರೆ ಯಾವುದಕ್ಕಾದರೂ ಆಗಿಯೇ? ಇಂದು ಇದನ್ನು ನಿಮ್ಮೊಂದಿಗೆ ಸೇರಿ ದೇವರ ವಾಕ್ಯದ ಬೆಳಕಿನಲ್ಲಿ ಧ್ಯಾನಿಸಬೇಕೆಂದಿದ್ದೇನೆ.

ಇಬ್ಬರು ಹೊರಟರು

ಆದಿಕಾಂಡದ 13ನೇ ಅಧ್ಯಾಯವನ್ನು ಇಂದು ರಾತ್ರಿ ಮನೆಯಲ್ಲಿ ತೆರೆದು ಓದಿರಿ. ಅಬ್ರಹಾಮನ ದನಕುರಿಗಳೂ ಅವನ ತಮ್ಮನ ಮಗ ಲೋಟನ ದನಕುರಿಗಳೂ ಹೆಚ್ಚಾಗಿ, ಮೇವು ನೀರು ಸಾಲದೆ, ದನಗಾಹಿಗಳಲ್ಲಿ ಜಗಳ ಹುಟ್ಟಿತು. ಹಿರಿಯನಾದ ಅಬ್ರಹಾಮ ಆಯ್ಕೆಯನ್ನು ಕಿರಿಯನಿಗೇ ಬಿಟ್ಟ. ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ ಹೋಗುವೆ, ನೀನು ಬಲಕ್ಕೆ ಹೋದರೆ ನಾನು ಎಡಕ್ಕೆ ಹೋಗುವೆ ಎಂದ. ಲೋಟ ಕಣ್ಣೆತ್ತಿ ನೋಡಿದ. ಜೋರ್ಡನ್ ನದಿಯ ಬಯಲು ನೀರು ತುಂಬಿ ತೋಟದ ಹಾಗೆ ಕಂಡಿತು. ಅದನ್ನೇ ಆರಿಸಿಕೊಂಡು ಸೊದೋಮಿನ ಹತ್ತಿರ ಗುಡಾರ ಹಾಕಿದ.

ಲೋಟ ಹೊರಟದ್ದು ಪಾಪವೆಂದು ಶ್ರೀಗ್ರಂಥ ಹೇಳುವುದಿಲ್ಲ. ಅದಕ್ಕೆ ಹಿಂದಿನ ಅಧ್ಯಾಯದಲ್ಲೇ ಅಬ್ರಹಾಮನೂ ತನ್ನ ನಾಡನ್ನೂ ತಂದೆಯ ಮನೆಯನ್ನೂ ಬಿಟ್ಟು ಹೊರಟವನೇ. ಹೊರಡುವುದೇ ತಪ್ಪಾಗಿದ್ದರೆ ನಮ್ಮ ವಿಶ್ವಾಸದ ಪಿತಾಮಹನೇ ತಪ್ಪಿತಸ್ಥನಾಗಬೇಕಿತ್ತು! ಇಬ್ಬರೂ ಹೊರಟರು; ವ್ಯತ್ಯಾಸ ಇದ್ದದ್ದು ಅವರ ಕಣ್ಣಿನಲ್ಲಿ. ಅಬ್ರಹಾಮ ಕರೆದವರನ್ನು ನೋಡಿ ಹೊರಟ. ಲೋಟ ಹುಲ್ಲನ್ನು ನೋಡಿ ಹೊರಟ. ಹುಲ್ಲಿನ ಆಚೆಗೆ ಯಾವ ಜನರಿದ್ದಾರೆ, ಅಲ್ಲಿ ತನ್ನ ಹೆಂಡತಿ ಮಕ್ಕಳ ಬಾಳು ಏನಾದೀತು ಎಂದು ಅವನು ಕೇಳಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳುವುದು ಇದನ್ನೇ.

ನಾನು ಯಾವ ನಾಡನ್ನೂ ಸೊದೋಮಿಗೆ ಹೋಲಿಸುತ್ತಿಲ್ಲ. ನಮ್ಮ ಸಾವಿರಾರು ಮಂದಿಗೆ ಅನ್ನ ಕೊಟ್ಟ ನಾಡಿನ ಬಗ್ಗೆ ಅಂಥ ಮಾತು ಆಡಿದರೆ ಅದು ಕೃತಘ್ನತೆ. ನಾನು ಹೇಳುವುದು ಇಷ್ಟೇ: ಹೋಗುವವನು ಸಂಬಳದ ಅಂಕಿಯೊಂದನ್ನೇ ನೋಡಿ ಹೋದರೆ, ಎಲ್ಲಿಗೆ ಹೋದರೂ ಅವನು ಲೋಟನೇ. ಲಂಡನ್ನಿಗೆ ಹೋದರೂ ಅಷ್ಟೇ, ಬೆಂಗಳೂರಿಗೆ ಹೋದರೂ ಅಷ್ಟೇ.

ಒಂದೇ ಊರು, ಎರಡು ಮನಸ್ಸು

ಕಾಲ್ಚೆಂಡಾಟಕ್ಕೆ ಈ ಶೋಧನೆ ಇಂದು ನಿನ್ನೆ ಬಂದದ್ದಲ್ಲ. 1950ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಲೀಗು ಅಂತರರಾಷ್ಟ್ರೀಯ ಫುಟ್ಬಾಲ್ ಸಂಸ್ಥೆಯಾದ ಫಿಫಾದ ಹೊರಗಿತ್ತು. ಅಲ್ಲಿನ ಕ್ಲಬ್ಬುಗಳು ಬೇರೆ ದೇಶಗಳ ಆಟಗಾರರಿಗೆ ದೊಡ್ಡ ಹಣದ ಆಸೆ ತೋರಿಸಿ ಕರೆಸಿಕೊಳ್ಳುತ್ತಿದ್ದವು. ಇಂಗ್ಲೆಂಡಿನಲ್ಲಿ ಆಗ ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ 12 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಸ್ಟೋಕ್ ಸಿಟಿ ಕ್ಲಬ್ಬಿನ ನೀಲ್ ಫ್ರಾಂಕ್ಲಿನ್ ಇಂಗ್ಲೆಂಡ್ ತಂಡದ ರಕ್ಷಣೆಯ ಕಂಬದಂತಿದ್ದವರು. ದೇಶಕ್ಕಾಗಿ 27 ಪಂದ್ಯ ಆಡಿದ್ದರು. ವಿಶ್ವಕಪ್ಪಿಗೆ ಸ್ವಲ್ಪವೇ ದಿನಗಳಿರುವಾಗ ಅವರು ಕೊಲಂಬಿಯಾದ ಬೊಗೊಟಾ ನಗರಕ್ಕೆ ಹೋದರು. ಆ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ತಂಡ ಅಮೆರಿಕದ ಕೈಯಲ್ಲಿ ಒಂದು ಗೋಲಿನಿಂದ ಸೋತಿತು. ಫ್ರಾಂಕ್ಲಿನ್ ಕೆಲವೇ ವಾರಗಳಲ್ಲಿ ಹಿಂದಿರುಗಿದರು. ಅವರನ್ನು ಆಟದಿಂದ ಅಮಾನತು ಮಾಡಲಾಯಿತು. 1951ರಲ್ಲಿ ಬೇರೆ ಕ್ಲಬ್ಬಿಗೆ ಮಾರಲಾಯಿತು. ದೇಶದ ಅಂಗಿಯನ್ನು ಅವರು ಮತ್ತೆಂದೂ ತೊಡಲಿಲ್ಲ.

ಅವರನ್ನು ದುರಾಸೆಯವನೆಂದು ಬೈಯುವುದು ಸುಲಭ. ಆದರೆ ಮೈದಾನ ತುಂಬ ಜನ ಟಿಕೆಟ್ ಕೊಂಡು ಬರುತ್ತಿದ್ದಾಗ ಆಟ ಆಡಿದವನಿಗೆ ಸಿಕ್ಕಿದ್ದು ವಾರಕ್ಕೆ 12 ಪೌಂಡ್ ಮಾತ್ರ ಎಂಬುದನ್ನೂ ನೆನಪಿಡೋಣ. ಆ ಮಾತಿಗೆ ಮತ್ತೆ ಬರುತ್ತೇನೆ.

ಇನ್ನೊಂದು ಕಥೆ ಚೀನಾದ ಶಾಂಘೈ ನಗರದ್ದು. 2016ರ ಕೊನೆಯಲ್ಲಿ ಆ ಒಂದೇ ನಗರದ ಎರಡು ಕ್ಲಬ್ಬುಗಳು ಇಬ್ಬರು ಹೆಸರಾಂತ ಆಟಗಾರರನ್ನು ಭಾರಿ ಸಂಬಳಕ್ಕೆ ಕರೆಸಿಕೊಂಡವು. ಒಬ್ಬರು ಅರ್ಜೆಂಟೀನಾದ ಕಾರ್ಲೊಸ್ ತೆವೆಜ್. ಇನ್ನೊಬ್ಬರು ಬ್ರೆಜಿಲಿನ ಆಸ್ಕರ್. ಇಬ್ಬರೂ ಬಡತನ ಕಂಡವರೇ. ತೆವೆಜ್ ಒಂದು ವರ್ಷದಲ್ಲಿ ನಾಲ್ಕು ಗೋಲು ಹೊಡೆದು ತಮ್ಮ ಹಳೆಯ ಕ್ಲಬ್ಬಿಗೆ ಹಿಂದಿರುಗಿದರು. ಚೀನಾದಲ್ಲಿ ತಾನು ಏಳು ತಿಂಗಳು ರಜೆಯಲ್ಲಿದ್ದ ಹಾಗೆ ಇದ್ದೆ ಎಂದು ಆಮೇಲೆ ಅವರೇ ಹೇಳಿಕೊಂಡರು. ಆಸ್ಕರ್ ಲಂಡನ್ನಿನ ಚೆಲ್ಸಿ ಕ್ಲಬ್ಬನ್ನು ಬಿಟ್ಟು ಹೊರಟಾಗ ಅವರಿಗೆ ವಯಸ್ಸು 25 ಮಾತ್ರ. ಈ ವಯಸ್ಸಿನಲ್ಲಿ ಪ್ರತಿಭೆಯನ್ನು ಹಣಕ್ಕೆ ಮಾರಿಕೊಂಡ ಎಂದು ಜನ ಆಡಿಕೊಂಡರು. ತಾನು ಬಡ ಮನೆಯಿಂದ ಬಂದವನು, ಕುಟುಂಬವನ್ನು ನೋಡಬೇಕು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಹಾಗೆ ಹೋದವರು 2024ರವರೆಗೆ ಅಲ್ಲೇ ಆಡಿ, ಆಮೇಲೆ ತಾವು ಆಟ ಆರಂಭಿಸಿದ ಬ್ರೆಜಿಲಿನ ಸಾವೊ ಪಾವ್ಲೊ ಕ್ಲಬ್ಬಿಗೆ ಮರಳಿದರು. ಆದರೆ ಚೀನಾಕ್ಕೆ ಹೋದ ಮೇಲೆ ಬ್ರೆಜಿಲ್ ತಂಡದಲ್ಲಿ ಅವರು ಮತ್ತೆ ಆಡಲಿಲ್ಲ. ಆ ಬೆಲೆಯನ್ನು ಅವರು ತೆತ್ತರು.

ಒಂದೇ ಊರು, ಒಂದೇ ಬಗೆಯ ಹಣ. ಒಬ್ಬರಿಗೆ ಅದು ರಜೆಯಾಯಿತು, ಇನ್ನೊಬ್ಬರಿಗೆ ಎಂಟು ವರ್ಷದ ದುಡಿಮೆಯಾಯಿತು. ತಲಾಂತುಗಳ ಸಾಮತಿಯಲ್ಲಿ (ಮತ್ತಾಯ 25) ಯಜಮಾನ ಸಿಟ್ಟಾದದ್ದು ಕಡಿಮೆ ಗಳಿಸಿದ ಸೇವಕನ ಮೇಲಲ್ಲ. ಕೊಟ್ಟದ್ದನ್ನು ನೆಲದಲ್ಲಿ ಹೂತಿಟ್ಟವನ ಮೇಲೆ. ಎಷ್ಟು ಸಿಕ್ಕಿತು ಎಂದು ದೇವರು ಕೇಳುವುದಿಲ್ಲ. ಸಿಕ್ಕಿದ್ದನ್ನು ಏನು ಮಾಡಿದೆ ಎಂದು ಕೇಳುತ್ತಾರೆ.

ಉಪ್ಪಿನ ಋಣ ಯಾರಿಗೆ?

“ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ” ಎಂಬ ಗಾದೆ ನಿಮಗೆಲ್ಲ ಗೊತ್ತು. ಅದಕ್ಕೆ ತಕ್ಕ ಒಬ್ಬ ಆಟಗಾರನಿದ್ದರೆ ಅವರು ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದ ಟಾಮ್ ಫಿನ್ನಿ. 1922ರಲ್ಲಿ ಅದೇ ಪಟ್ಟಣದಲ್ಲಿ ಹುಟ್ಟಿದವರು. ಆಟಗಾರನಾಗುವ ಮೊದಲು ಕೈಕೆಲಸವೊಂದನ್ನು ಪೂರ್ತಿ ಕಲಿಯಬೇಕೆಂದು ತಂದೆ ಹಟ ಹಿಡಿದ ಕಾರಣ ನಲ್ಲಿ ಕೊಳಾಯಿಯ ಕೆಲಸ ಕಲಿತರು. ದೇಶಕ್ಕೆ ದೊಡ್ಡ ಆಟಗಾರನಾದ ಮೇಲೂ ಆ ಕೆಲಸ ಬಿಡಲಿಲ್ಲ; ಜನ ಅವರನ್ನು ಪ್ರೆಸ್ಟನ್ನಿನ ಪ್ಲಂಬರ್ ಎಂದೇ ಕರೆದರು. 1952ರಲ್ಲಿ ಇಟಲಿಯ ಪಾಲೆರ್ಮೊ ಕ್ಲಬ್ಬಿನ ಯಜಮಾನರು ಅವರಿಗೆ ಸಹಿ ಹಾಕಿದ ಕೂಡಲೇ 10,000 ಪೌಂಡ್, ತಿಂಗಳಿಗೆ 130 ಪೌಂಡ್ ಸಂಬಳ, ವಾಸಕ್ಕೆ ಬಂಗಲೆ, ಓಡಾಡಲು ಕಾರು ಕೊಡುವುದಾಗಿ ಹೇಳಿದರು. ಪ್ರೆಸ್ಟನ್ನಿನಲ್ಲಿ ಅವರಿಗೆ ಸಿಗುತ್ತಿದ್ದದ್ದು ವಾರಕ್ಕೆ 14 ಪೌಂಡ್.

ಫಿನ್ನಿಯವರು ಕ್ಲಬ್ಬಿನ ಅಧ್ಯಕ್ಷರನ್ನು ಹೋಗಿ ಕೇಳಿದರು. ಅಧ್ಯಕ್ಷರು ಖಡಾಖಂಡಿತವಾಗಿ ಆಗುವುದಿಲ್ಲವೆಂದರು. ಫಿನ್ನಿ ಜಗಳವಾಡಲಿಲ್ಲ, ಕದ್ದು ಓಡಲಿಲ್ಲ. ನಲ್ಲಿ ರಿಪೇರಿ ಮಾಡುತ್ತಾ ಅದೇ ಕ್ಲಬ್ಬಿನಲ್ಲಿ 1960ರವರೆಗೆ ಆಡಿದರು. ಲೀಗಿನಲ್ಲಿ 187 ಗೋಲು ಹೊಡೆದರು. ಆದರೂ ಒಂದು ದೊಡ್ಡ ಟ್ರೋಫಿ ಅವರ ಕೈಗೆ ಬರಲಿಲ್ಲ. 1953ರಲ್ಲಿ ಲೀಗು ಕೂದಲೆಳೆಯಲ್ಲಿ ತಪ್ಪಿತು. 1954ರಲ್ಲಿ ಕಪ್ಪಿನ ಅಂತಿಮ ಪಂದ್ಯದಲ್ಲಿ ಸೋತರು. 2014ರಲ್ಲಿ ಅವರು ತೀರಿಕೊಂಡರು. ಆ ಮೈದಾನದ ಹೊರಗೆ ನೀರು ಚಿಮ್ಮಿಸುತ್ತಾ ಓಡುವ ಅವರ ಪ್ರತಿಮೆ ಇಂದಿಗೂ ನಿಂತಿದೆ.

ಎಷ್ಟು ಚೆಂದದ ನಿಷ್ಠೆ ಎಂದು ನಾವು ಹೇಳುತ್ತೇವೆ. ಆದರೆ ಒಂದು ಕ್ಷಣ ನಿಲ್ಲೋಣ. ಅವರು ಉಳಿದದ್ದು ಪ್ರೀತಿಯಿಂದಲೋ, ಬೀಗ ಹಾಕಿದ್ದರಿಂದಲೋ? ಆ ಕಾಲದ ನಿಯಮದಂತೆ ಕರಾರು ಮುಗಿದರೂ ಕ್ಲಬ್ಬು ಬಿಡದ ಹೊರತು ಆಟಗಾರ ಬೇರೆಡೆಗೆ ಹೋಗುವಂತಿರಲಿಲ್ಲ. ಅದೇ ಕ್ಲಬ್ಬು ಬೇಕೆಂದಾಗ ಅವನನ್ನು ಮಾರಬಹುದಿತ್ತು. ಸಂಬಳದ ಮಿತಿ ಹೋದದ್ದು 1961ರಲ್ಲಿ. ಆ ಕಟ್ಟುಪಾಡು ನ್ಯಾಯವಲ್ಲವೆಂದು ಇಂಗ್ಲೆಂಡಿನ ನ್ಯಾಯಾಲಯ ತೀರ್ಪಿತ್ತದ್ದು 1963ರಲ್ಲಿ. ಕರಾರು ಮುಗಿದ ಆಟಗಾರ ಸ್ವತಂತ್ರನೆಂದು ಯೂರೋಪಿನ ನ್ಯಾಯಾಲಯ ಹೇಳಿದ್ದು 1995ರ ಡಿಸೆಂಬರ್‌ನಲ್ಲಿ. ಫಿನ್ನಿಯವರ ಸೌಮ್ಯತೆ ಅವರ ದೊಡ್ಡ ಗುಣ. ಅದು ಅಧ್ಯಕ್ಷರ ಕಠಿಣತೆಗೆ ಸಮರ್ಥನೆಯಾಗದು. ಸೇವಕನ ನಿಷ್ಠೆಯನ್ನು ಹೊಗಳಿ ಹೊಗಳಿ ಯಜಮಾನನ ಸಾಲವನ್ನು ಮರೆಸುವುದು ಹಳೆಯ ಉಪಾಯ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ, ಧರ್ಮಸಭೆಯವರೇ ನಡೆಸುವ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬ ಹೆಣ್ಣುಮಗಳು ನನ್ನ ಬಳಿಗೆ ಬಂದಳು. ಅಲ್ಲೇ ಕಲಿತವಳು, ಅಲ್ಲೇ ಏಳು ವರ್ಷ ದುಡಿದವಳು. ಗಲ್ಫ್‌ನಲ್ಲಿ ಕೆಲಸ ಸಿಕ್ಕಿತ್ತು. ತಂದೆಯ ಸಾಲ ಇತ್ತು, ತಂಗಿಯ ಮದುವೆ ಇತ್ತು. ಆಸ್ಪತ್ರೆಯ ಹಿರಿಯರು, ಕಲಿಸಿದ ನಮ್ಮನ್ನೇ ಬಿಟ್ಟು ಹೋಗುತ್ತೀಯಾ, ನಿನ್ನಲ್ಲಿ ಸೇವಾಭಾವ ಎಲ್ಲಿದೆ ಎಂದು ಕೇಳಿದ್ದರಂತೆ. “ಹೋದರೆ ಪಾಪವಾ ಫಾದರ್?” ಎಂದಳು. ನಾನೂ ಸೇವೆಯ ಮಹತ್ವದ ಬಗ್ಗೆ ನಾಲ್ಕು ಮಾತು ಆರಂಭಿಸಿದೆ. ಅವಳು ತಲೆ ತಗ್ಗಿಸಿ ಕೇಳುತ್ತಿದ್ದವಳು ಮೆಲ್ಲಗೆ ಅಂದಳು: “ಸೇವೆ ನಾನೊಬ್ಬಳೇ ಮಾಡಬೇಕಾ ಫಾದರ್? ಏಳು ವರ್ಷದಲ್ಲಿ ನಮ್ಮ ಮನೆಯಲ್ಲಿ ಹೇಗಿದ್ದೀರಿ ಅಂತ ಒಬ್ಬರೂ ಕೇಳಲಿಲ್ಲ.”

ನನ್ನ ಬಾಯಿ ಕಟ್ಟಿತು. ಕೆಲಸದಾಳು ಕೂಲಿಗೆ ಯೋಗ್ಯನೆಂದು ಯೇಸುಸ್ವಾಮಿ ಹೇಳಿದ್ದು (ಲೂಕ 10) ಹೊರಗಿನವರಿಗೆ ಮಾತ್ರವಲ್ಲ. 1891ರಲ್ಲಿ ಜಗದ್ಗುರು 13ನೇ ಲಿಯೋರವರು ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದಲ್ಲಿ, ದುಡಿಯುವವನು ಮಿತವಾಗಿಯಾದರೂ ಮರ್ಯಾದೆಯಿಂದ ಬಾಳುವಷ್ಟು ಕೂಲಿ ಸಿಗಬೇಕು, ಅಗತ್ಯಕ್ಕೆ ಸಿಕ್ಕಿಬಿದ್ದು ಅದಕ್ಕಿಂತ ಕಡಿಮೆಗೆ ಒಪ್ಪಿಕೊಂಡರೆ ಅದು ಅನ್ಯಾಯಕ್ಕೆ ಬಲಿಯಾದಂತೆ ಎಂದು ಕಲಿಸಿದರು. ಇದು ನಮ್ಮ ಶಾಲೆಗಳಿಗೂ, ನಮ್ಮ ಆಸ್ಪತ್ರೆಗಳಿಗೂ, ದೇವಾಲಯದ ಉಪದೇಶಿ, ಅಡುಗೆಯವರು, ಕಸ ಗುಡಿಸುವವರವರೆಗೂ ಅನ್ವಯಿಸುತ್ತದೆ. ನಿಷ್ಠೆ ಕೇಳುವವರು ಮೊದಲು ನಿಷ್ಠೆ ಕೊಟ್ಟಿರಬೇಕು. ಉಪ್ಪಿಡದೆ ಉಪ್ಪಿನ ಋಣ ಕೇಳಬಾರದು.

ಆ ಮಗಳು ಹೋದಳು. ಆದರೆ ಹೇಗೆ ಹೋದಳು ಎಂಬುದನ್ನು ನೀವು ಕೇಳಬೇಕು. ಮೂರು ತಿಂಗಳು ಮುಂಚೆಯೇ ತಿಳಿಸಿದಳು. ತನ್ನ ವಾರ್ಡಿಗೆ ಬಂದ ಹೊಸ ಹುಡುಗಿಗೆ ಎಲ್ಲವನ್ನೂ ಕೈ ಹಿಡಿದು ಕಲಿಸಿದಳು. ಕೊನೆಯ ದಿನ ರಾತ್ರಿ ಪಾಳಿಯನ್ನೂ ತಪ್ಪಿಸಲಿಲ್ಲ. ಇದು ನಿಷ್ಠೆಯಲ್ಲವೇ? ಉಳಿದುಕೊಂಡೇ ಮನಸ್ಸು ಕೊಡದೆ ದಿನ ದೂಡುವವರಿಗಿಂತ ಹೀಗೆ ಹೋದವಳು ಹೆಚ್ಚು ನಿಷ್ಠೆಯವಳೆಂದು ನಾನು ನಂಬುತ್ತೇನೆ.

ಇನ್ನೂ ಮಾಡಬೇಕಾದ ಕೆಲಸ

ಹಾಗಾದರೆ ಉಳಿಯುವುದಕ್ಕೆ ಬೆಲೆಯೇ ಇಲ್ಲವೇ? ಇದೆ. ಅಗತ್ಯ ಒಂದು ಕಡೆ, ಆಸೆ ಇನ್ನೊಂದು ಕಡೆ. ಸಾಲ ತೀರಿಸಲು ಹೋಗುವುದು ಬೇರೆ. ಮನೆ, ಹೊಲ, ಬ್ಯಾಂಕಿನಲ್ಲಿ ದುಡ್ಡು ಎಲ್ಲ ಇದ್ದೂ ಇನ್ನಷ್ಟು ಎಂದು ಹೋಗುವುದು ಬೇರೆ. ಲೂಕ ಬರೆದ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಯೇಸು ಹೇಳಿದ ಧನಿಕ ರೈತನಿಗೆ ಹಸಿವಿರಲಿಲ್ಲ. ಇದ್ದ ಕಣಜ ಸಾಲದೆ ದೊಡ್ಡ ಕಣಜ ಕಟ್ಟಲು ಹೊರಟಿದ್ದ. ಆ ರಾತ್ರಿಯೇ ಅವನ ಪ್ರಾಣವನ್ನು ಕೇಳಲಾಯಿತು.

ಮನುಷ್ಯನ ದೇಹ ಎಷ್ಟು ನಾಜೂಕು ಎಂಬುದನ್ನು ಆಟಗಾರರಷ್ಟು ಬಲ್ಲವರಿಲ್ಲ. ನೇಮಾರ್ ರಿಯಾದಿಗೆ ಹೋದ ಎರಡು ತಿಂಗಳಲ್ಲೇ ದೇಶಕ್ಕಾಗಿ ಆಡುತ್ತಿದ್ದಾಗ ಮೊಣಕಾಲಿಗೆ ದೊಡ್ಡ ಪೆಟ್ಟು ಬಿತ್ತು. ಆ ಕ್ಲಬ್ಬಿಗೆ ಅವರು ಒಟ್ಟು ಆಡಿದ್ದು ಏಳೇ ಪಂದ್ಯ. 2025ರ ಜನವರಿಯಲ್ಲಿ ಕರಾರು ಮುರಿದುಕೊಂಡು, ಬಾಲ್ಯದಲ್ಲಿ ತಮ್ಮನ್ನು ಬೆಳೆಸಿದ ಸಾಂಟೋಸ್ ಕ್ಲಬ್ಬಿಗೆ ಮರಳಿದರು. ಪೆಟ್ಟು ಬಿದ್ದದ್ದು ಯಾರ ಪಾಪಕ್ಕೂ ಶಿಕ್ಷೆಯಲ್ಲ. ಹಾಗೆ ಯಾರೂ ಆಡಿಕೊಳ್ಳಬಾರದು. ಆದರೆ ಕೋಟಿಗಳ ಕರಾರು ಒಂದು ಮೊಣಕಾಲನ್ನು ಕಾಯಲಾರದು ಎಂಬುದು ನಿಜ. ನೊಂದು ಹಿಂದಿರುಗಿದವನಿಗೆ ಬಾಗಿಲು ತೆರೆದದ್ದು ಹಳೆಯ ಮನೆಯೇ.

ದಕ್ಷಿಣ ಕೊರಿಯಾದ ಸೊನ್ ಹ್ಯೂಂಗ್ ಮಿನ್ ಎಂಬ ಆಟಗಾರನ ಮಾತು ನನಗೆ ಇಷ್ಟ. ಅವರು 2015ರಿಂದ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿನಲ್ಲಿದ್ದರು. ಆ ಕ್ಲಬ್ಬಿಗೆ 2008ರ ನಂತರ ಒಂದು ಟ್ರೋಫಿಯೂ ಬಂದಿರಲಿಲ್ಲ. 2023ರಲ್ಲಿ ಸೌದಿ ಕ್ಲಬ್ಬೊಂದು ಅವರನ್ನು ಬಯಸುತ್ತಿದೆ ಎಂಬ ಸುದ್ದಿ ಹಬ್ಬಿದಾಗ, ಈಗ ತನಗೆ ಹಣ ಮುಖ್ಯವಲ್ಲ, ಆಟದ ಹೆಮ್ಮೆ ಮುಖ್ಯ, ಇಲ್ಲಿ ಇನ್ನೂ ಮಾಡಬೇಕಾದ ಕೆಲಸವಿದೆ ಎಂಬ ಅರ್ಥದ ಮಾತು ಹೇಳಿದರು. ಅವರೇನೂ ಬಡವರಲ್ಲ, ಬೇಡ ಎನ್ನುವುದು ಅವರಿಗೆ ಆ ನರ್ಸಿಗಿಂತ ಸುಲಭ. ಆದರೆ ಇದ್ದವರೆಲ್ಲ ಬೇಡ ಎನ್ನುವುದಿಲ್ಲವಲ್ಲ! ಎರಡು ವರ್ಷ ಕಳೆಯಿತು. 2025ರ ಮೇ 21ರಂದು ಸ್ಪೇನಿನ ಬಿಲ್ಬಾವೊದಲ್ಲಿ ಆ ಕ್ಲಬ್ಬು ಯೂರೋಪಾ ಲೀಗ್ ಗೆದ್ದಿತು. ನಾಯಕನಾಗಿ ಸೊನ್ ಟ್ರೋಫಿಯನ್ನು ಎತ್ತಿ ಹಿಡಿದರು. ಆಮೇಲೆ, ಅದೇ ವರ್ಷದ ಆಗಸ್ಟ್‌ನಲ್ಲಿ, ಅಮೆರಿಕದ ಲಾಸ್ ಏಂಜಲೀಸ್‌ಗೆ ಹೋದರು. ಕೆಲಸ ಮುಗಿಸಿ ಹೋದರು. ಜನರ ಹರಕೆಯನ್ನು ಕಟ್ಟಿಕೊಂಡು ಹೋದರು.

“ಇನ್ನೂ ಕೆಲಸವಿದೆ.” ಕರೆ ಎಂಬ ದೊಡ್ಡ ಮಾತಿಗೆ ಇದೊಂದು ಸರಳ ಅರ್ಥ. ನಿಮ್ಮ ಮಗ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾ ಖುಷಿಯಾಗಿದ್ದರೆ, ಪಕ್ಕದ ಮನೆಯವರು ಕಾರು ಕೊಂಡರೆಂದು ಅವನನ್ನು ವಿಮಾನ ಹತ್ತಿಸಬೇಡಿರಿ. ಅಲ್ಲಿ ಅವನಿಗೆ ಇನ್ನೂ ಕೆಲಸವಿರಬಹುದು. ಹಾಗೆಯೇ, ಹೋಗಲೇಬೇಕಾದ ಮಗಳ ಕಾಲಿಗೆ “ಊರಿನ ಪ್ರೀತಿ”ಯ ಸರಪಳಿ ಹಾಕಬೇಡಿರಿ.

ಊಟಕ್ಕಾಗಿ ಹುಟ್ಟಿದ ಕ್ಲಬ್ಬು

ಕ್ಲಬ್ಬಿನ ನಿಷ್ಠೆ ಎನ್ನುತ್ತೇವೆ. ಕ್ಲಬ್ಬು ಎಂದರೇನು? ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಸೆಲ್ಟಿಕ್ ಕ್ಲಬ್ಬು ಹುಟ್ಟಿದ್ದು 1887ರಲ್ಲಿ, ಸಂತ ಮರಿಯಮ್ಮನವರ ದೇವಾಲಯದ ಸಭಾಂಗಣದಲ್ಲಿ. ಹುಟ್ಟುಹಾಕಿದವರು ಮರಿಸ್ಟ್ ಸಭೆಯ ಬ್ರದರ್ ವಾಲ್ಫ್ರಿಡ್. ಐರ್ಲೆಂಡಿನಿಂದ ವಲಸೆ ಬಂದ ಬಡ ಕುಟುಂಬಗಳ ಮಕ್ಕಳಿಗೆ ಊಟ ಕೊಡಲು ಹಣ ಬೇಕಿತ್ತು. ಅದಕ್ಕಾಗಿ ತಂಡ ಕಟ್ಟಿದರು. ಐದೇ ವರ್ಷದಲ್ಲಿ, 1892ರಲ್ಲಿ, ಮೇಲಧಿಕಾರಿಗಳು ಅವರನ್ನು ಲಂಡನ್ನಿಗೆ ವರ್ಗ ಮಾಡಿದರು. ತಾನು ಕಟ್ಟಿದ ಕ್ಲಬ್ಬು ಹೆಸರು ಮಾಡುತ್ತಿದ್ದಾಗಲೇ ಬಿಟ್ಟು ಹೊರಟರು. ಲಂಡನ್ನಿನ ಬಡವರ ಕೇರಿಯಲ್ಲಿ ಮತ್ತೆ ಮಕ್ಕಳನ್ನು ಸೇರಿಸಿ ಆಟ ಆಡಿಸಿದರು. ಊರು ಬದಲಾಯಿತು, ಅಂಗಿಯ ಬಣ್ಣ ಬದಲಾಯಿತು. ಆದರೆ ಅವರು ನಿಷ್ಠರಾಗಿದ್ದದ್ದು ಅಂಗಿಗಲ್ಲ, ಹಸಿದ ಮಕ್ಕಳಿಗೆ. ಆ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ.

ಅರ್ಜೆಂಟೀನಾದ ಸ್ಯಾನ್ ಲೊರೆಂಜೊ ಕ್ಲಬ್ಬೂ ಹೀಗೆಯೇ. ಬೀದಿಯಲ್ಲಿ ಚೆಂಡಾಡುತ್ತಿದ್ದ ಹುಡುಗರಿಗೆ ಸಲೇಸಿಯನ್ ಗುರು ಲೊರೆಂಜೊ ಮಾಸ್ಸಾ ದೇವಾಲಯದ ಅಂಗಳ ಬಿಟ್ಟುಕೊಟ್ಟದ್ದರಿಂದ 1908ರಲ್ಲಿ ಬೆಳೆದು ಬಂದದ್ದು. ಆ ಕ್ಲಬ್ಬಿನ ಅಭಿಮಾನಿಯಾಗಿ ಬೆಳೆದ ಒಬ್ಬ ಹುಡುಗ ಮುಂದೆ ಜಗದ್ಗುರು ಫ್ರಾನ್ಸಿಸ್ ಆದರು. ರೋಮಿಗೆ ಹೋದ ಮೇಲೂ ಅದರ ಸದಸ್ಯತ್ವ ಬಿಡಲಿಲ್ಲ. ಅವರ ಕಾಲದಲ್ಲೇ, 2018ರ ಜೂನ್‌ನಲ್ಲಿ, ವ್ಯಾಟಿಕನ್ನು ಕ್ರೀಡೆಯ ಬಗ್ಗೆ ಒಂದು ದಾಖಲೆಯನ್ನು ಹೊರತಂದಿತು. ಆಟಗಾರ ಸರಕಲ್ಲ, ಮನುಷ್ಯ ಎಂಬುದು ಅದರ ಕಾಳಜಿ. ಕೋಟಿ ಕೊಟ್ಟು ಕೊಂಡರೂ ಮನುಷ್ಯ ಸರಕಾಗಬಾರದು. ಬಿಡಿಗಾಸಿಗೆ ಕಟ್ಟಿಹಾಕಿದರೂ ಆಗಬಾರದು.

ಮನೆಯಲ್ಲಿ ಕುಳಿತು ಕೇಳಬೇಕಾದ ಪ್ರಶ್ನೆಗಳು

ಪ್ರಿಯರೇ, ಇಂಥ ನಿರ್ಧಾರ ನಿಮ್ಮ ಮನೆಗೆ ಬಂದಾಗ ಏಜೆಂಟನಿಗೆ ಹಣ ಕಟ್ಟುವ ಮೊದಲು ಒಂದು ಸಂಜೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿರಿ. ಜಪಸರ ಮುಗಿಸಿ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿರಿ.

ಮೊದಲನೆಯದು: ಇದು ನಮ್ಮ ಅಗತ್ಯವೋ, ಆಸೆಯೋ? ಎಷ್ಟು ಸಿಕ್ಕಿದರೆ ಸಾಕು ಎಂದು ಹೋಗುವ ಮೊದಲೇ ಒಂದು ಅಂಕಿ ಬರೆದಿಡಿರಿ. ‘ಸಾಕು’ ಎಂಬ ಮಾತನ್ನು ಮೊದಲೇ ಬರೆಯದವನು ಆಮೇಲೆ ಬರೆಯುವುದಿಲ್ಲ.

ಎರಡನೆಯದು: ಹುಲ್ಲಿನ ಆಚೆಗೆ ಏನಿದೆ? ಹೆಂಡತಿ ಮಕ್ಕಳು ಜೊತೆಗಿರುತ್ತಾರೆಯೇ? ಸೌದಿ ಅರೇಬಿಯಾದಲ್ಲಿ ಬಹಿರಂಗವಾಗಿ ಬಲಿಪೂಜೆ ಅರ್ಪಿಸುವ ದೇವಾಲಯವಿಲ್ಲ. ಅಂಥಲ್ಲಿ ನಮ್ಮ ವಿಶ್ವಾಸವನ್ನು ಹೇಗೆ ಉಳಿಸಿಕೊಳ್ಳುತ್ತೇವೆ?

ಮೂರನೆಯದು: ಯಾರಿಗೆ ಮಾತು ಕೊಟ್ಟಿದ್ದೇವೆ? ಆ ಮಾತನ್ನು ಮುಗಿಸಿದ್ದೇವೆಯೇ? ಮುಗಿದಿಲ್ಲವಾದರೆ ಕದ್ದು ಹೋಗುವುದೇ, ಹೇಳಿ ಹೋಗುವುದೇ?

ನಾಲ್ಕನೆಯದು: ದೇವರು ಕೊಟ್ಟ ಪ್ರತಿಭೆ ಅಲ್ಲಿ ಬೆಳೆಯುತ್ತದೆಯೇ, ಹೂತುಹೋಗುತ್ತದೆಯೇ? ಆಸ್ಕರ್ ತೆತ್ತಂಥ ಬೆಲೆ ಇದ್ದರೆ ಅದನ್ನು ತಿಳಿದೇ ತೆರುತ್ತಿದ್ದೇವೆಯೇ?

ಹೋದವರನ್ನು ದೂರುವವರಿಗೂ ಒಂದು ಮಾತು. ಆಟಗಾರ ಕ್ಲಬ್ಬು ಬಿಟ್ಟರೆ ಅಭಿಮಾನಿಗಳು ಅವನ ಅಂಗಿಯನ್ನು ಬೀದಿಯಲ್ಲಿ ಸುಡುವುದುಂಟು. ನಾವು ಅಂಗಿ ಸುಡುವುದಿಲ್ಲ, ನಾಲಿಗೆಯಿಂದ ಸುಡುತ್ತೇವೆ. ಅಬ್ರಹಾಮ ಏನು ಮಾಡಿದ? ಒಳ್ಳೆಯ ಬಯಲನ್ನು ಆರಿಸಿಕೊಂಡು ಹೋದ ಲೋಟನನ್ನು ಶತ್ರುಗಳು ಸೆರೆ ಒಯ್ದರು ಎಂಬ ಸುದ್ದಿ ಬಂದಾಗ, ಬೇಕಿತ್ತು ಅವನಿಗೆ ಎನ್ನಲಿಲ್ಲ. ತನ್ನ 318 ಮಂದಿಯನ್ನು ಕಟ್ಟಿಕೊಂಡು ರಾತ್ರೋರಾತ್ರಿ ಹೋಗಿ ಬಿಡಿಸಿಕೊಂಡು ಬಂದ (ಆದಿಕಾಂಡ 14). ನಿಷ್ಠೆ ಎಂದರೆ ಇದು. ಉಳಿದವನು ಹೋದವನಿಗಾಗಿ ಬಾಗಿಲು ತೆರೆದಿಡುವುದು.

ಮೆಟ್ಟಿಲಲ್ಲಿ ನನ್ನನ್ನು ಕೇಳಿದ ಹುಡುಗನಿಗೆ ಈಗ ನನ್ನ ಉತ್ತರ ಇದು: ಹೋದದ್ದು ತಪ್ಪಲ್ಲ ಮಗನೇ, ಉಳಿದದ್ದು ಪುಣ್ಯವೂ ಅಲ್ಲ. ಸಂಬಳವನ್ನು ಕೇಳು, ನ್ಯಾಯವಾದದ್ದನ್ನು ತೆಗೆದುಕೋ. ಆದರೆ ನೀನು ಯಾರು, ಯಾತಕ್ಕಾಗಿ ಇದ್ದೀಯೆ ಎಂದು ಸಂಬಳವನ್ನು ಕೇಳಬೇಡ. ಅದಕ್ಕೆ ಉತ್ತರ ಅದರ ಬಳಿ ಇಲ್ಲ. ಆ ಪ್ರಶ್ನೆಯನ್ನು ನಿನ್ನನ್ನು ಸೃಷ್ಟಿಸಿದವರ ಬಳಿ ಕೇಳು. ಆಮೇಲೆ ಅಂಗಿ ತೊಡು.

ಪ್ರಾರ್ಥಿಸೋಣ: ಪರಮ ದಯಾಳುವಾದ ಪಿತನೇ, ಅಬ್ರಹಾಮನನ್ನು ಕರೆದು ಹೊರಡಿಸಿದವರು ನೀವು, ನಜರೇತಿನಲ್ಲಿ ನಿಮ್ಮ ಪುತ್ರನನ್ನು ಮೂವತ್ತು ವರ್ಷ ಉಳಿಸಿದವರೂ ನೀವೇ. ದೂರದ ನಾಡಿನಲ್ಲಿ ದುಡಿಯುವ ನಮ್ಮ ಮಕ್ಕಳನ್ನು ಕಾಪಾಡಿರಿ. ಊರಲ್ಲಿ ಉಳಿದು ಕಡಿಮೆಯಲ್ಲಿ ಬಾಳುವವರಿಗೆ ನೆಮ್ಮದಿ ಕೊಡಿರಿ. ಕೆಲಸ ಕೊಡುವ ನಮಗೆ ನ್ಯಾಯದ ಮನಸ್ಸನ್ನು ಕೊಡಿರಿ. ಹೊರಡುವಾಗ ನಿಮ್ಮ ಮುಖವನ್ನು ನೋಡಿ ಹೊರಡುವಂತೆಯೂ, ಉಳಿಯುವಾಗ ಪ್ರೀತಿಯಿಂದ ಉಳಿಯುವಂತೆಯೂ ನಮ್ಮನ್ನು ಹರಸಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.